ಅಂದಾನಪ್ಪ ಗೌಡರ ಹೆಬ್ಬಾಗಿಲು

ಬನವಾಸಿ ಕಡೆಯ ಅಂದಾನಪ್ಪ ಗೌಡರ ಮನೆ ಕೆಲಸವನ್ನು ಉಲ್ಲಾಸ ಹಿಡಿದಿದ್ದಾನೆ ಎಂದು ಗೊತ್ತಾದ ದಿನ, ಶಿರಸಿಯ ಸಿಮೆಂಟ್ ಅಂಗಡಿಯಲ್ಲಿ ಕೂತಿದ್ದವರೊಬ್ಬರು ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಟ್ಟರು.

"ಕೂತ್ಕೊ ಮಾರಾಯ. ಇನ್ನು ನಿಂಗೆ ಕೂರೂಕೆ ಪುರಸೊತ್ತು ಸಿಗೂದಿಲ್ಲ."

ಉಳಿದವರು ನಕ್ಕರು. ಗೌಡರ ಹತ್ತಿರ ಆಗಲೇ ಇಬ್ಬರು ಗುತ್ತಿಗೆದಾರರು ಬಂದು ಹೋಗಿದ್ದರು. ಒಬ್ಬ ಪಾಯ ತೋಡಿಸಿ ಓಡಿದ್ದ, ಇನ್ನೊಬ್ಬ ಪಾಯ ತುಂಬಿಸಿ ಓಡಿದ್ದ. ಉಲ್ಲಾಸನೂ ನಕ್ಕ. ಅವನು ಸಿದ್ದಾಪುರ ತಾಲೂಕಿನವನು, ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿದವನು. ಎತ್ತು ಎಷ್ಟು ಹಾಯುತ್ತದೆ ಎಂದು ಊರವರನ್ನು ಕೇಳಿಕೊಂಡು ಯಾರೂ ನೊಗ ಕಟ್ಟುವುದಿಲ್ಲ ಎಂಬುದು ಅವನ ಲೆಕ್ಕ.

ಆದರೆ ಈ ಎತ್ತು ಬೇರೆಯೇ ಜಾತಿಯದು. ಮೊದಲ ಲೋಡು ಮರಳು ಬಂದಾಗ ಗೌಡರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತರು. ಘಟ್ಟದ ಕೆಳಗಿನ ಉಪ್ಪುನೀರಿನ ಮರಳೇನೋ ಎಂಬ ಅನುಮಾನ. ಅರ್ಧ ತಾಸು ಬಿಟ್ಟು ಇನ್ನೊಂದು ಚಿಟಿಕೆ. ಲಾರಿಯವನು ಉಲ್ಲಾಸನ ಕಿವಿಯಲ್ಲಿ, "ಊಟಕ್ಕೆ ಇಲ್ಲೇ ಬಡಿಸ್ಲಾ ಕೇಳಿ," ಅಂದ. ಉಲ್ಲಾಸ ನಗು ನುಂಗಿದ. ಮಾತಿಗೆ ಮಾತು ಬೆಳೆಸಿದರೆ ಗೋಡೆ ಬೆಳೆಯುವುದಿಲ್ಲ ಎಂದು ಅವನು ಅವತ್ತೇ ಒಂದು ನೇಮ ಹಾಕಿಕೊಂಡ: ಗೌಡರು ಏನೆಂದರೂ "ಆತು ಗೌಡ್ರೇ". ಆ ನೇಮವೇ ಅವನನ್ನು ಕೆಡಿಸಿತು.

ಹೆಬ್ಬಾಗಿಲಿಗೆಂದು ಗೌಡರು ತಮ್ಮ ಹಿತ್ತಿಲ ಹಲಸನ್ನೇ ಕಡಿಸಿದ್ದರು. ಅವರ ತಾಯಿ ನೀರೆರೆದು ಬೆಳೆಸಿದ ಮರ. ಕೊಯ್ದು ಬಂದ ಎರಡು ನಿಲುಗಂಬಗಳಿಗೆ ಗಣಪ ಆಚಾರಿ ಒಂದೊಂದು ತುದಿಗೆ ಕೆಮ್ಮಣ್ಣಿನ ಬೊಟ್ಟಿಟ್ಟ. ಅದು ಬುಡದ ಗುರುತು. ಮರ ಹಿತ್ತಿಲಲ್ಲಿ ಹೇಗೆ ನಿಂತಿತ್ತೋ ಬಾಗಿಲಲ್ಲೂ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಗಣಪನಿಗೆ ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಕೈಯ ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮಾರನೆಯ ದಿನ ಗೌಡರು ಬಂದು ಬೊಟ್ಟು ನೋಡಿದರು.

"ಯಾವನಲೇ ಅದು, ಎಲಿ ಅಡಿಕಿ ಹಾಕ್ಕೊಂಡು ನಮ್ಮವ್ವನ ಮರಕ್ಕ ಕೈ ಒರಿಸಿದಾಂವ? ತಿಕ್ಕಿ ತಗೀರಿ."

ಕೆಲಸದವರು ಉಲ್ಲಾಸನ ಮುಖ ನೋಡಿದರು. ಅದು ಕೊಳೆಯಲ್ಲ, ಗುರುತು ಎನ್ನುವುದಕ್ಕೆ ಎರಡು ಮಾತು ಸಾಕಿತ್ತು. ಆದರೆ ಬೆಳಗಿನಿಂದ ಗೌಡರ ಜೊತೆ ಮೆಟ್ಟಿಲು ಒಂಬತ್ತೋ ಹನ್ನೊಂದೋ ಎಂಬ ಚರ್ಚೆಯಲ್ಲಿ ಅವನ ಗಂಟಲು ಒಣಗಿತ್ತು. "ಆತು ಗೌಡ್ರೇ," ಅಂದ. ಬುಡ ಯಾವ ಕಡೆಗಿದೆ ಎಂದು ತನ್ನ ಮನಸ್ಸಿನಲ್ಲಿದೆಯಲ್ಲ, ಸಾಕು ಎಂದುಕೊಂಡ. ಎರಡು ದಿನ ಬಿಟ್ಟು ಗಣಪ ಫೋನು ಮಾಡಿದಾಗ ಅವನು ಯಲ್ಲಾಪುರದ ಇನ್ನೊಂದು ಕೆಲಸದಲ್ಲಿದ್ದ.

"ಬೊಟ್ಟು ಕಾಣೂದಿಲ್ವಲ್ಲ ಉಲ್ಲಾಸ. ಬುಡ ಯಾವ್ದು?"

"ಗೋಡೆ ಕಡೆಗಿರೂದು ಬುಡ," ಎಂದ ಇವನು, ನೋಡಿದವನ ಹಾಗೆ.

ಚೌಕಟ್ಟು ನಿಂತಿತು. ಗೌಡರ ಹೆಂಡತಿ ಪಾರ್ವತವ್ವ ಹೊಸ್ತಿಲಿಗೆ ಹಾಲೆರೆದರು. ಅದಾದ ನಾಲ್ಕೈದು ದಿನಕ್ಕೆ ಗೌಡರು ಇಡೀ ಚೌಕಟ್ಟಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದರು. ಸಿಮೆಂಟು ಸಿಡಿದೀತು, ಯಾರೂ ಬಿಚ್ಚಕೂಡದು. ಐದು ತಿಂಗಳು ಅದು ಹಾಗೇ ಇತ್ತು. ಆ ಐದು ತಿಂಗಳಲ್ಲಿ ಗೌಡರ ಬಾಯಿಯೂ ಜೋರಾಯಿತು. ನಲ್ಲಿ ಅರ್ಧ ಇಂಚು ಓರೆಯೆಂದು ಎರಡು ದಿನ ಮಾತು ಬಿಟ್ಟರು. ಅಡುಗೆಮನೆಯ ಕಟ್ಟೆಯನ್ನು ಎರಡು ಸಲ ಒಡೆಸಿದರು. "ನಿನಗ ಆಗೂದಿಲ್ಲಂದ್ರ ಬಿಟ್ಟು ಹೋಗಪಾ, ನಾ ಏನ್ ಕಟ್ಟಿ ಹಾಕೀನೇನು?" ಎಂದು ವಾರಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ. ಉಲ್ಲಾಸ ಮಾತ್ರ "ಆತು ಗೌಡ್ರೇ" ಎನ್ನುತ್ತ ತಾರಸಿ ಮುಗಿಸಿದ, ನೆಲ ಮುಗಿಸಿದ. ಗೃಹಪ್ರವೇಶಕ್ಕೆ ಎಂಟು ದಿನ ಉಳಿಯಿತು.

ಪಾಲಿಶ್ ಮಾತ್ರ ಬಾಕಿ. ನಾಳೆ ನಾಡಿದ್ದು ಎಂದು ಗೌಡರು ಮುಂದೂಡುತ್ತಲೇ ಇದ್ದರು. ಅವರು ಹಾವೇರಿ ಪೇಟೆಗೆ ಹೋದ ದಿನ ಪಾರ್ವತವ್ವನೇ, "ಗೋಣಿ ಬಿಚ್ರಿ, ಮಂದಿ ಬಂದಾಗ ಬಾಗಿಲಕ್ಕ ಸೀರಿ ಉಡಿಸಿ ನಿಲ್ಲಸೂಣೇನು?" ಎಂದರು. ಪಾಲಿಶಿನವನು ಒಂದು ಕೈ ಎಣ್ಣೆ ಬಳಿದು ಚಾ ಕುಡಿಯಲು ಹೋದ. ಮೂಡಣದ ಬಿಸಿಲು ನೇರ ಬಾಗಿಲಿಗೆ ಬಿತ್ತು.

ಎಣ್ಣೆ ಕುಡಿದ ಹಲಸು ಅರಿಶಿನದಂತೆ ಬೆಳಗಿತು. ಒಳಗಿನ ನಾರು ಒಂದೊಂದೇ ಎದ್ದು ಕಂಡಿತು. ನಿಂತ ಮರದ ನಾರು ಒಂದರ ಮೇಲೊಂದು ಗೋಪುರ ಕಟ್ಟಿಕೊಂಡು ಮುಗಿಲಿಗೆ ಮುಖ ಮಾಡಿರುತ್ತದೆ. ಇಲ್ಲಿ ಎರಡು ಕಂಬಗಳಲ್ಲೂ ಗೋಪುರಗಳೆಲ್ಲ ಮಣ್ಣಿಗೆ ಮುಖ ಮಾಡಿದ್ದವು.

ಉಲ್ಲಾಸ ಅಲ್ಲಿಯೇ ಜಗುಲಿಯ ಅಂಚಿಗೆ ಕೂತುಬಿಟ್ಟ. ಅವನ ಅಪ್ಪ ಗದ್ದೆ ಕೆಲಸವಿಲ್ಲದಾಗ ಮರ ಕಡಿಯಲು ಹೋಗುತ್ತಿದ್ದ. ಕೊಡಲಿ ಹಾಕುವ ಮುಂಚೆ ಮರಕ್ಕೆ ಕೈಮುಗಿದು, "ಮಲಗಿಸ್ತೆ, ಮತ್ತೆ ನಿಲ್ಲಿಸ್ತೆ," ಎಂದು ಮಾತು ಕೊಡುತ್ತಿದ್ದ. ತಲೆಕೆಳಗಾಗಿ ನಿಲ್ಲಿಸಿದ ಮರ ಮನೆಯವರನ್ನೂ ನೆಟ್ಟಗೆ ನಿಲ್ಲಗೊಡುವುದಿಲ್ಲ ಎನ್ನುತ್ತಿದ್ದ. ಆ ಮಾತಿಗೆ ಪುರಾವೆಯೇನೂ ಇರಲಿಲ್ಲ. ಆದರೆ ಈ ಬಾಗಿಲಲ್ಲಿ ಗೌಡರ ಸೊಸೆ ಮುಂದಿನ ತಿಂಗಳು ಬಾಣಂತಿಯಾಗಿ ಕೂಸನ್ನೆತ್ತಿಕೊಂಡು ಒಳಗೆ ಬರುವವಳಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ಚಾ ಕುಡಿದು ಬಂದ ಪಾಲಿಶಿನವನಿಗೆ ಏನೂ ತಿಳಿಯಲಿಲ್ಲ. ಇನ್ನೆರಡು ಕೈ ಗಾಢ ಬಣ್ಣ ಬಳಿದರೆ ನಾರು ಮುಚ್ಚಿಹೋಗುತ್ತದೆ, ಲೋಕದಲ್ಲಿ ಯಾರಿಗೂ ಕಾಣದು. "ಇವತ್ತಿಗೆ ಸಾಕು, ನೀ ಹೋಗು," ಎಂದು ಉಲ್ಲಾಸ ಅವನನ್ನು ಕಳಿಸಿದ.

ಮನೆಯಲ್ಲಿ ಹೆಂಡತಿ ಮಮತಾ ಎಲ್ಲ ಕೇಳಿದಳು.

"ನಲ್ಲಿ ಓರೆಯಾದದ್ದಕ್ಕೆ ಎರಡು ದಿನ ಮಾತು ಬಿಟ್ಟವ್ರು. ಇದಕ್ಕೆ ಎಂತ ಬಿಡ್ತ್ರೋ?"

"ನನ್ನನ್ನ ಬಿಡ್ತ್ರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರು ಕಡೆಗೂ ಹೇಳ್ತ್ರು. ಹೆಬ್ಬಾಗಿಲನ್ನೇ ತಲೆಕೆಳಗೆ ನಿಲ್ಲಿಸಿದವ ಅಂದ್ಮೇಲೆ ನಂಗೆ ಯಾರು ಮನೆ ಕೊಡ್ತ್ರು?"

"ಹಂಗಾರೆ ಹೇಳ್ಬೇಡಿ."

ಅವನು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಅವಳು ತಟ್ಟೆ ನೋಡಿ ಅಂದಳು: "ಹೇಳದೆ ಇದ್ರೆ ನೀವು ಊಟ ಮಾಡೂದಿಲ್ಲ. ನಂಗೆ ದಿನಾ ಅನ್ನ ಚೆಲ್ಲೂಕಾಗ. ಹೇಳಿ ಬನ್ನಿ."

ಬೆಳಿಗ್ಗೆ ಹೊರಟವನು ಮಾರಿಕಾಂಬೆಯ ಗುಡಿಗೆ ಹೋಗಿ ನಿಂತ. ಅಮ್ಮನ ಹತ್ತಿರ ಏನು ಕೇಳುವುದು? ಗೌಡರ ಬಾಯಿ ಕಟ್ಟು ಎಂದು ಕೇಳಲು ನಾಚಿಕೆಯಾಯಿತು. ತನ್ನ ಬಾಯಿ ಬಿಡಿಸು ಎಂದಷ್ಟೇ ಕೇಳಿಕೊಂಡು, ಕುಂಕುಮ ಹಚ್ಚಿಕೊಂಡು ಬನವಾಸಿ ದಾರಿ ಹಿಡಿದ.

ಗೌಡರು ಹೊಸ ಮನೆಯ ಜಗುಲಿಯಲ್ಲೇ ಇದ್ದರು. ಹಣೆಗೆ ವಿಭೂತಿ, ಹೆಗಲಿಗೆ ವಲ್ಲಿ. ಹೆಬ್ಬಾಗಿಲಿಗೆ ಮತ್ತೆ ಗೋಣಿಚೀಲ ಸುತ್ತಿತ್ತು.

"ಯಾರನ್ನ ಕೇಳಿ ಬಿಚ್ಚಿದಿ?" ಎಂದರು. ಎಂದಿನ ಗಡಸು ದನಿಯಲ್ಲಿರಲಿಲ್ಲ.

ಇವನು ಚಪ್ಪಲಿ ಬಿಟ್ಟು ಮೇಲೆ ಬಂದ. "ಗೌಡ್ರೇ, ಒಂದು ಮಾತು ಹೇಳೂದಿತ್ತು. ನಡುವೆ ಬಾಯಿ ಹಾಕ್ಬೇಡಿ, ನಿಂತ್ರೆ ಮತ್ತೆ ಹೇಳೂಕಾಗೂದಿಲ್ಲ. ಚೌಕಟ್ಟಿನ ಕಂಬ ಎರಡೂ ಬುಡ ಮೇಲಾಗಿ ನಿಂತಿದೆ. ಆಚಾರ್ರದ್ದು ತಪ್ಪಿಲ್ಲ. ಅವ್ರು ನನ್ನ ಕೇಳಿದ್ರು, ನಾ ಯಲ್ಲಾಪುರದಲ್ಲಿ ಕೂತು ಗೋಡೆ ಕಡೆಗಿರೂದು ಬುಡ ಅಂದೆ. ತಿಕ್ಕಿದವ್ರು ತಿರುಗಿಸಿ ಇಟ್ಟಿದ್ರು. ನೋಡದೆ ಹೇಳಿದ್ದು ನಾನು. ಕಿತ್ತು ಸರಿಯಾಗಿ ನಿಲ್ಲಿಸಿಕೊಡ್ತೆ. ಆಮೇಲೆ ನೀವು ಎಂತ ಅಂದ್ರೂ ಕೇಳ್ತೆ."

ಗೌಡರು ವಲ್ಲಿ ತೆಗೆದು ಮುಖ ಒರೆಸಿಕೊಂಡರು, ಮತ್ತೆ ಹೆಗಲಿಗೆ ಹಾಕಿಕೊಂಡರು.

"ಬೊಟ್ಟು ಒರಿಸಿದಾಂವ ಯಾರು?"

"ಕೆಲಸದವ್ರು."

"ಒರಿಸ್ರಿ ಅಂದಾಂವ?"

ಉಲ್ಲಾಸ ನೆಲ ನೋಡಿದ.

"ಅದನ್ನ ಯಾಕ ಬಿಟ್ಟು ಹೇಳಿದಿ? ಕೂಡು ಇಲ್ಲೆ." ಗೌಡರು ಜಗುಲಿಯ ಮೇಲೆ ತಟ್ಟಿ ಜಾಗ ತೋರಿಸಿದರು. "ನನಗ ಐದು ತಿಂಗಳಿಂದ ಗೊತ್ತೈತಿ. ಬಾಗಿಲ ನಿಂತ ಮೂರನೇ ದಿನ ನಮ್ಮನಿಯಾಕಿ ಹಸೀ ಅರಿವಿಲೆ ಒರಸಾಕತ್ತಿದ್ಲು. ನಾರಿನ ಗೋಪುರ ಎಲ್ಲಾ ತೆಳಗ ಮಾರಿ ಮಾಡಿ ಕಂಡ್ವು. ನಮ್ಮಪ್ಪ ಗಾಡಿ ಮ್ಯಾಲ ಮರ ಹೇರತಿದ್ದ, ನನಗ ಅಷ್ಟೂ ತಿಳಿಯೂದಿಲ್ಲೇನು? ಆಮ್ಯಾಲ ಆ ಕೆಂಪು ಬೊಟ್ಟು ಏನಂತ ಹೊಳೀತು. ಗೋಣಿ ಸುತ್ತಿದೆ."

"ಮತ್ತೆ ಹೇಳ್ಬಹುದಿತ್ತಲ್ಲ ಗೌಡ್ರೇ."

"ಹೆಂಗ ಹೇಳ್ಲಿ? ಮಂದೀದೆಲ್ಲಾ ತಪ್ಪು ಹುಡುಕಾಂವ, ತನ್ನ ತಾಯಿ ಮರಾನ ತಾನ ತಲಿಕೆಳಗ ಮಾಡಿಸ್ಯಾನ ಅಂತ ನಾನ ಡಂಗುರಾ ಹೊಡೀಲೇನು?" ಗೌಡರ ದನಿ ಇಳಿಯಿತು. "ಖರೆ ಹೇಳ್ತೀನಿ, ಬೈಬ್ಯಾಡ. ಕಾಡಿ ಕಾಡಿ ನಿನ್ನ ಓಡಸೂಣಂತ ಮಾಡಿದ್ದೆ. ನೀ ಹ್ವಾದ ಮ್ಯಾಲ ಹೊಸಬನ್ನ ಕರಕೊಂಡು ಬಂದು, ಆ ಉಲ್ಲಾಸ ಹಿಂಗ ಮಾಡಿ ಹ್ವಾದ ನೋಡಪಾ ಅಂತ ನಿನ್ನ ಮ್ಯಾಲ ಹಾಕಿ ಕಿತ್ತಿಸಿ ನಿಲ್ಲಸೂದು. ಎರಡು ಸಲ ಕಟ್ಟಿ ಒಡಿಸಿದೆ, ಹೋಗ್ಲಿಲ್ಲ. ಮಾತು ಬಿಟ್ಟೆ, ಹೋಗ್ಲಿಲ್ಲ. ಏನಂದ್ರೂ ಆತು ಗೌಡ್ರೇ, ಆತು ಗೌಡ್ರೇ. ನೀ ಎಂಥಾ ಮನಶ್ಯಾ ಮಾರಾಯಾ, ಒಬ್ಬರಿಗೆ ಜಗಳಾಡಾಕೂ ಬಿಡೂದಿಲ್ಲ."

ಉಲ್ಲಾಸನಿಗೆ ಮೊದಲು ಸಿಟ್ಟು ಬಂತು. ಐದು ತಿಂಗಳ ಬೈಗುಳ ಒಟ್ಟಿಗೆ ಗಂಟಲಿಗೆ ಬಂತು. ಆದರೆ ಬಂದದ್ದು ನಗುವಾಗಿ ಹೊರಬಿತ್ತು, ತಡೆಯಲಾಗಲಿಲ್ಲ. ಗೌಡರು ಅವನನ್ನೇ ನೋಡಿದರು. ಅವರ ಹೊಟ್ಟೆಯೂ ಸಣ್ಣಗೆ ಕುಲುಕತೊಡಗಿತು.

ಪಕ್ಕದ ಹಳೆಮನೆಯಿಂದ ಚಾ ಹಿಡಿದು ಬಂದ ಪಾರ್ವತವ್ವ ಮೆಟ್ಟಿಲಲ್ಲಿಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಕೆಳಗಿಟ್ಟರು.

"ಐದು ತಿಂಗಳ ನಿದ್ದಿಗಣ್ಣಾಗ ಬುಡ ಬುಡ ಅಂತ ಬಡಬಡಿಸಿದ್ದು ಇದಕ್ಕೇನು? ನಾ ಎಲ್ಲೋ ಮೂಲವ್ಯಾಧಿ ಆಗೇತಿ, ನಾಚಿಗಿಗೆ ಹೇಳವಲ್ರು ಅಂತ ಜಾಲಿಮರದ ಬಸವಣ್ಣಗ ಹರಕಿ ಹೊತ್ತೀನಿ." ಉಲ್ಲಾಸನ ಕಡೆಗೆ ತಿರುಗಿದರು. "ಮತ್ತ ನೀನೂ ಅಷ್ಟ ನೋಡಪಾ. ಆತು ಆತು ಅಂದ್ರ ಮನಿ ಆಗೂದಿಲ್ಲ. ಆಗೂದಿಲ್ಲ ಅನ್ನೂ ಕಡೆ ಆಗೂದಿಲ್ಲ ಅನಬೇಕು. ಸೋಮವಾರ ಚೊಲೋ ಐತಿ. ಅಯ್ಯನೋರಿಗೆ ನಾ ಹೇಳಿ ಕಳಿಸ್ತೀನಿ."

ಸೋಮವಾರ ಬೆಳಿಗ್ಗೆ ಚನ್ನಯ್ಯನವರು ಬಂದರು. ಊರಿನ ಮಠದ ಅಯ್ಯನವರು, ಮಾತು ಕಡಿಮೆ. ಗೌಡರು ನೆರೆಹೊರೆಯವರ ಎದುರಿಗೇ, "ತಪ್ಪು ನಂದ್ರಿ ಅಯ್ಯಾರ, ಗುರುತು ಒರಿಸಿದಾಂವ ನಾನು," ಎಂದರು. ಒಪ್ಪಿಕೊಂಡ ಮೇಲೆ ಅವರ ಕುತ್ತಿಗೆ ಹೆಗಲಿನಿಂದ ಎರಡು ಬೆರಳು ಮೇಲೆದ್ದ ಹಾಗೆ ಕಂಡಿತು. ಅಯ್ಯನವರು ಮರಕ್ಕೆ ವಿಭೂತಿ ಹಚ್ಚಿ, "ಶಿವಗ ತಲಿ ಯಾವ್ದು ಪಾದ ಯಾವ್ದು. ನಮಗ ಬೇಕಲ್ಲ, ಮಾಡ್ರಿ," ಎಂದು ಪಕ್ಕಕ್ಕೆ ಸರಿದರು.

ಗಣಪ ಆಚಾರಿ ಎರಡೂ ಕಂಬಗಳನ್ನು ಮಲಗಿಸಿ ಅಂಗೈಯಿಂದ ಸವರಿ ನೋಡಿದ. ಹೊಸ ಮರ ಬೇಕಿರಲಿಲ್ಲ. ಎಡದ್ದನ್ನು ತಿರುಗಿಸಿ ಬಲಕ್ಕೆ, ಬಲದ್ದನ್ನು ತಿರುಗಿಸಿ ಎಡಕ್ಕೆ ನಿಲ್ಲಿಸಿದರೆ ಎರಡೂ ಸರಿಯಾಗುತ್ತಿದ್ದವು. ಬಾಗಿಲ ಮೇಲೆ ಕಾಂಕ್ರೀಟಿನ ತೊಲೆಯಿದ್ದುದರಿಂದ ಗೋಡೆಗೂ ಏನೂ ಆಗಲಿಲ್ಲ. ಕೆಲಸದವರು ಚೌಕಟ್ಟನ್ನು ಎತ್ತುವಾಗ ಗೌಡರು ವಲ್ಲಿ ಸೊಂಟಕ್ಕೆ ಕಟ್ಟಿ ತಾವೂ ಹೆಗಲು ಕೊಟ್ಟರು. ಚೌಕಟ್ಟು ನಿಂತಿತು. ಹಲಸಿನ ಗೋಪುರಗಳೆಲ್ಲ ಮುಗಿಲಿಗೆ ಮುಖ ಮಾಡಿದವು. ಪಾರ್ವತವ್ವ ಸೆರಗಿನಿಂದ ಕಣ್ಣೊತ್ತಿಕೊಂಡು, "ನಮ್ಮತ್ತಿ ಎದ್ದು ನಿಂತಂಗಾತು," ಎಂದರು.

ಇನ್ನು ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ನೋಡಬೇಕಿತ್ತು. ಅದು ಗೌಡರ ಹತ್ತಿರವಿತ್ತು. ಅವರು ಅದನ್ನು ಕೈಯಲ್ಲಿ ಒಂದು ಸಲ ತೂಗಿ ನೋಡಿ ಉಲ್ಲಾಸನಿಗೆ ಕೊಟ್ಟರು.

"ನೀನ ನೋಡಪಾ. ನೀ ಅಂದದ್ದ ಖರೆ."

ದಾರ ತೂಗಿತು, ನಿಧಾನವಾಯಿತು, ನಿಂತಿತು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಉಲ್ಲಾಸ ಮಂಡಿಯೂರಿ ಕೂತು ನೋಡಿದ, ಎದ್ದು ನೋಡಿದ.

"ಆಗ್ಲಿಲ್ಲ ಗೌಡ್ರೇ," ಎಂದ. "ಒಂದು ನೂಲು ಬಲಕ್ಕೆ ಬರ್ಬೇಕು."

ಗೌಡರು ಕಂಬಕ್ಕೆ ಎರಡೂ ಕೈ ಕೊಟ್ಟು, ಅವನು ಸಾಕು ಎನ್ನುವವರೆಗೆ ಮೆಲ್ಲಗೆ ನೂಕಿದರು.