ಕುಂಕುಮ ಇಟ್ಟ ಡಬ್ಬ

ಅಂತರಸಂತೆಯ ಅಂಗಡಿ ಸೋಮಮ್ಮನಿಗೆ ಕಾನೂನು ಅಂದರೆ ಅಷ್ಟಕ್ಕಷ್ಟೆ. ತನ್ನ ಅಂಗಡಿಯಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರೆಯವರು ಬಂದು ಹೇಳಬೇಕೇ ಎಂಬುದು ಅವಳ ವಾದ. ಹಾಗಾಗಿ ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಒಂದು ದಿನ ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಬಂದು, ಪೊಟ್ಟಣ ಡಬ್ಬಗಳ ಮೇಲೆಲ್ಲ ತಾರೀಖು ಎದ್ದು ಕಾಣಬೇಕು ಎಂದಾಗ ಮೂಗು ಮುರಿದಳು.

ಅವರು ಹಾಲಿನ ಪುಡಿಯ ಡಬ್ಬವೊಂದನ್ನು ತಿರುಗಿಸಿ ನೋಡಿದರು. ತಾರೀಖು ಇರಬೇಕಾದ ಕಡೆ ಅರಿಶಿನ ಕುಂಕುಮ ಮೆತ್ತಿತ್ತು. ಆಯುಧಪೂಜೆಯ ದಿನ ತಕ್ಕಡಿಯಿಂದ ಹಿಡಿದು ಅಂಗಡಿಯ ಡಬ್ಬಗಳಿಗೆಲ್ಲ ಕುಂಕುಮ ಇಡುವುದು ಸೋಮಮ್ಮನ ಪದ್ಧತಿ. ಅಲ್ಲಿ ಎರಡೆರಡು ಆಯುಧಪೂಜೆ ಕಂಡ ಡಬ್ಬಗಳೂ ಇದ್ದವು. ಇನ್‌ಸ್ಪೆಕ್ಟರು ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿದರು.

"ಇದರ ಗಡುವು ಹೋದ ವರ್ಷವೇ ಮುಗಿದಿದೆಯಲ್ಲಮ್ಮ. ಕೂಸುಗಳಿಗೆ ಕುಡಿಸೋ ಪದಾರ್ಥ ಇದು. ಯಾರಿಗಾದ್ರೂ ಮಾರಿದ್ದೀರಾ?"

ಸೋಮಮ್ಮನಿಗೆ ಥಟ್ಟನೆ ನೆನಪಾಯಿತು. ಹಿಂದಿನ ಸಂತೆಯ ದಿನ ಗಿರಿಜನರ ಹಾಡಿಯ ಮುತ್ತಿಗೆ ಅದೇ ಸಾಲಿನಿಂದ ಒಂದು ಡಬ್ಬ ಕೊಟ್ಟಿದ್ದಳು. ಮುತ್ತಿಯ ಮಗಳಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ಮೊಮ್ಮಗು ಇನ್ನೂ ಕೈಗೂಸು.

ಹೊಸದಾಗಿ ಬಂದ ಡಬ್ಬವೊಂದನ್ನು ಹುಡುಕಿ, ಇನ್‌ಸ್ಪೆಕ್ಟರಿಂದಲೇ ತಾರೀಖು ಓದಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಕಾಡಂಚಿನ ಹಾಡಿಯ ಕಡೆ ದಾಪುಗಾಲು ಹಾಕಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆ ಕೂಸಿಗೆ ಏನಾದರೂ ಆಗಿದ್ದರೆ ಯಾವ ಮುಖ ಹೊತ್ತು ಬದುಕುವುದು?

ಮುತ್ತಿ ಗುಡಿಸಿಲ ಮುಂದೆ ಕುಳಿತು ಬಿದಿರು ಸೀಳುತ್ತಿದ್ದಳು.

"ಕೂಸೆಲ್ಲಿ ಮುತ್ತಿ? ಆ ಡಬ್ಬದ ಹಾಲು ಕುಡಿಸ್ಬುಟ್ಯಾ?"

"ಇಲ್ಲ ಕಣವ್ವ. ಪಕ್ಕದ ಗುಡಿಸಿಲ ಕೇತಿ ತನ್ನ ಕೂಸಿನ ಜತೆಗೆ ಇದಕ್ಕೂ ಹಾಲು ಕೊಡ್ತಾವ್ಳೆ."

"ಮತ್ತೆ ಡಬ್ಬ?"

ಮುತ್ತಿ ಒಳಗೆ ಕೈ ತೋರಿಸಿದಳು. ದೇವರ ಮೂಲೆಯಲ್ಲಿ, ದೀಪದ ಪಕ್ಕ, ತಲೆಯ ಮೇಲೊಂದು ಹೂವು ಇಟ್ಟುಕೊಂಡು ಡಬ್ಬ ಕುಳಿತಿತ್ತು. ಮುಚ್ಚಳ ಬಿಚ್ಚಿರಲಿಲ್ಲ.

"ಅರಿಸಿನ ಕುಂಕುಮ ಇಟ್ಟಿದ್ರಲ್ಲ, ಪೂಜೆ ಮಾಡಿರೋ ಡಬ್ಬನ ಎಂಗೆ ಒಡೆಯೋದು? ಬರೋ ಸಂತೇಲಿ ನಿಮ್ಮನ್ನೇ ಕೇಳವಾ ಅಂತಿದ್ದೆ."

ಸೋಮಮ್ಮನಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಕೇತಿಯ ತೊಡೆಯ ಮೇಲೆ ಕೂಸು ಹೊಟ್ಟೆ ತುಂಬಿ ನಿದ್ದೆ ಮಾಡುವುದನ್ನು ಕಣ್ಣಾರೆ ಕಂಡ ಮೇಲೆ ಹೋದ ಜೀವ ಬಂದಂತಾಯಿತು. ಹಳೆಯ ಡಬ್ಬವನ್ನು ಎತ್ತಿಕೊಂಡು, ಸೆರಗಿನ ಗಂಟು ಬಿಚ್ಚಿ ಹೊಸದನ್ನು ಕೊಟ್ಟಳು.

ಮುತ್ತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಅನುಮಾನ.

"ಇದಕ್ಕೆ ಕುಂಕುಮನೇ ಇಲ್ವಲ್ಲವ್ವ?"

"ಅದಕ್ಕೇ ಕಣವ್ವ, ಇದನ್ನ ಕುಡಿಸು," ಎಂದಳು ಸೋಮಮ್ಮ.