ಕಾಯೋನ್ ನೆಡದ ಆಟ

ಹೆಂಡತಿಯನ್ನು ಊಟಕ್ಕೆ ಎಬ್ಬಿಸುವುದೇ ದರ್ಸೊನೊ ಮುದುಕನಿಗೆ ದಿನದ ದೊಡ್ಡ ಕೆಲಸವಾಗಿತ್ತು. ಬೆಳಗಿನ ಚಹಾ ಕುಡಿದು ರುಮಿಯಾತಿ ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಆ ಕಪ್ಪು ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡಳೆಂದರೆ ಮುಗಿಯಿತು. ಸೋಲೋ ಪಟ್ಟಣದ ಬಿಸಿಲು ಅಂಗಳ ದಾಟಿ ಬಾಗಿಲಿಗೆ ಬರುತ್ತಿತ್ತು, ಹುರಿದ ಸೋಯಾಕಾಳಿನ ತೆಂಪೆ ಆರಿ ಚಕ್ಕಳವಾಗುತ್ತಿತ್ತು, ಅವಳು ಮಾತ್ರ ಅಲುಗಾಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವಳು ಬೇರೆ. ಕಾಲು ಊದಿಕೊಂಡಿತ್ತು, ಹೆಬ್ಬೆರಳ ಹುಣ್ಣು ಮಾಯುತ್ತಿರಲಿಲ್ಲ. ಹೊತ್ತುಹೊತ್ತಿಗೆ ಉಣ್ಣದೆ ಹೀಗೇ ಕೂತರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಡಬ್ಬಿಯೊಳಗೆ ಇದ್ದದ್ದು ಅವರ ಮೇಳದ್ದೇ ತೊಗಲುಗೊಂಬೆಯಾಟ. ಒಳಗೆ ಹೋದವರು ಪರದೆಯ ಮುಂದೆ ಕೂರಬೇಕಾಗಿಲ್ಲ. ಅರ್ಜುನನ ಪಕ್ಕದಲ್ಲಿ ನಡೆಯಬಹುದು, ಬೇಕೆಂದರೆ ವಾದ್ಯದವರ ನಡುವೆ ಕೂರಬಹುದು. ರುಮಿಯಾತಿ ಕೂರುತ್ತಿದ್ದುದು ಒಂದೇ ಕಡೆ, ಮೂವತ್ತು ವರ್ಷ ತಾನು ಹಾಡುಗಾರ್ತಿಯಾಗಿ ಕೂತಿದ್ದ ಜಾಗದಲ್ಲಿ. ಅಲ್ಲಿ ಹಾಡುವ ದನಿಯೂ ಅವಳದೇ, ಹಳೆಯ ಕ್ಯಾಸೆಟ್ಟುಗಳಿಂದ ಡಬ್ಬಿ ಮಾಡಿದ ಕಂಪನಿಯವರು ಎತ್ತಿಕೊಂಡದ್ದು. ಗಂಟಲಿನ ಆಪರೇಷನ್ ಆಗಿ ಎಂಟು ವರ್ಷವಾಗಿತ್ತು. ಈಗ ಅವಳಿಗೆ ಉಳಿದಿದ್ದ ದನಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಲಿಕ್ಕೂ ಸಾಲದು.

ಗೊಂಬೆಗಳ ಮಾತೆಲ್ಲ ದರ್ಸೊನೊನದು. ಮುದುಕ ಎಡವಿದ್ದು ಇಲ್ಲೇ. ಆಟ ಮುಗಿದಾಗ ದಲಾಂಗನಾದವನು, ಅಂದರೆ ಗೊಂಬೆ ಆಡಿಸುವವನು, ಮರದ ಚಿತ್ರ ಕೊರೆದ ಎಲೆಯಾಕಾರದ ಕಾಯೋನನ್ನು ಪರದೆಯ ನಡುವೆ ಬಾಳೆದಿಂಡಿಗೆ ನೆಟ್ಟು, ಮುಗಿಸುವ ಮಾತು ಹೇಳಬೇಕು. ಅಲ್ಲಿಯವರೆಗೆ ಅವರ ಮೇಳದಲ್ಲಿ ಯಾರೂ ಏಳುವಂತಿಲ್ಲ, ಹಾಡುಗಾರ್ತಿಯಂತೂ ಮಡಿಸಿದ ಕಾಲು ಬಿಡಿಸುವಂತಿಲ್ಲ. ಆದರೆ ಅಭ್ಯಾಸದಲ್ಲಿ ಕಾಯೋನ್ ನೆಡಬಾರದು. ಇದು ದರ್ಸೊನೊನ ಅಪ್ಪ ಹಾಕಿಕೊಟ್ಟ ಕಟ್ಟಳೆ. ಮಾತು ತುಂಬಿಸಿಕೊಳ್ಳಲು ಕಂಪನಿಯವರು ಕರೆಸಿದ್ದ ಸ್ಟುಡಿಯೋದಲ್ಲಿ ದೀಪವಿಲ್ಲ, ನೈವೇದ್ಯವಿಲ್ಲ, ನೋಡುವವರು ಒಬ್ಬರೂ ಇಲ್ಲ. ಗಾಜಿನಾಚೆ ಇಬ್ಬರು ಹುಡುಗರು ನೂಡಲ್ಸ್ ತಿನ್ನುತ್ತಿದ್ದರು. ಇದು ಅಭ್ಯಾಸ, ನಿಜವಾದ ಆಟಕ್ಕೆ ಆಮೇಲೆ ಕರೆಯುತ್ತಾರೆ ಎಂದುಕೊಂಡ ಮುದುಕ ಮೂರು ವಾರ ಎಲ್ಲ ಮಾತನ್ನೂ ಆಡಿ, ಮುಗಿಸುವ ಮಾತನ್ನು ಮಾತ್ರ ನುಂಗಿಕೊಂಡು ಮನೆಗೆ ಬಂದ. ಕರೆ ಬರಲಿಲ್ಲ. ಡಬ್ಬಿ ಬಂತು.

ಹಾಗಾಗಿ ಒಳಗಿನ ಆಟಕ್ಕೆ ಕೊನೆಯೇ ಇರಲಿಲ್ಲ. ಒಂದು ಕಥೆಯ ಬಾಲಕ್ಕೆ ಇನ್ನೊಂದು ಕಥೆ ಅಂಟಿಕೊಳ್ಳುತ್ತಿತ್ತು. ಊರಿನವರು ಬೇಸರವಾದಾಗ ಡಬ್ಬಿ ತೆಗೆದು ಏಳುತ್ತಿದ್ದರೇನೋ. ರುಮಿಯಾತಿ ಹಾಗೆ ಏಳುವ ಹೆಂಗಸಲ್ಲ. ದರ್ಸೊನೊ ಒಮ್ಮೆ ಸಿಟ್ಟಿನಿಂದ ಡಬ್ಬಿಯನ್ನು ಕಿತ್ತಿದ್ದ. ತುಂಬಿದ ಸಭೆಯಲ್ಲಿ ತನ್ನ ಸೆರಗು ಎಳೆದವನನ್ನು ನೋಡುವಂತೆ ನೋಡಿದಳು. ಎರಡು ದಿನ ಮಾತು ಬಿಟ್ಟಳು.

ಕಂಪನಿಗೇ ಹೋದ. ಅನಿಂದ್ಯ ಎಂಬ ಹುಡುಗಿ ಕುರ್ಚಿ ಕೊಟ್ಟು, ತಣ್ಣನೆ ಚಹಾ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. ತಪ್ಪು ನನ್ನದೇ, ದುಡ್ಡೇನೂ ಬೇಡ, ಮುಗಿಸುವ ಮಾತನ್ನು ಈಗಲೇ ಹೇಳಿಬಿಡುತ್ತೇನೆ ಎಂದ ಮುದುಕ.

"ಬೇಡ ಅಜ್ಜ," ಎಂದಳು ಅವಳು. "ಮುಗೀತು ಅಂದ್ರೆ ಜನ ಎದ್ದು ಹೋಗ್ತಾರೆ. ನಮ್ಮ ಬೇರೆ ಆಟಗಳಲ್ಲಿ ಒಬ್ರೂ ಇಷ್ಟು ಹೊತ್ತು ಕೂರಲ್ಲ. ನಿಮ್ಮ ತಪ್ಪಿನಿಂದ್ಲೇ ಇದು ಓಡ್ತಿರೋದು."

"ನನ್ನ ಹೆಂಡ್ತಿ ಕಾಲು ಹೋಗುತ್ತೆ, ಮಗಾ."

ಅನಿಂದ್ಯಳ ಮುಖ ಸಣ್ಣದಾಯಿತು. ಕೆಟ್ಟವಳೇನಲ್ಲ. ಮೇಲಿನವರಿಗೆ ಹೇಳಿ ನೋಡುತ್ತೇನೆ ಎಂದಳು. ಮೇಲಿನವರು ಎಲ್ಲಿರುತ್ತಾರೆಂದು ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ದರ್ಸೊನೊನಿಗೆ ಕಂಪನಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು.

ಮರುದಿನ ಬಾಳೆದಿಂಡು ಕಡಿದು ತಂದು ಅವಳ ಮುಂದಿಟ್ಟ. ಗೊಂಬೆಪೆಟ್ಟಿಗೆಯಿಂದ ಕಾಯೋನ್ ತೆಗೆದು ನೆಟ್ಟು, ಅವಳ ಕಿವಿಯ ಹತ್ತಿರ ಬಾಗಿ, ಸಭೆಗೆ ಹೇಳುವ ದನಿಯಲ್ಲೇ ಮುಗಿಸುವ ಮಾತು ಹೇಳಿದ. ರುಮಿಯಾತಿ ಡಬ್ಬಿ ತೆಗೆದಳು. ಕಣ್ಣು ಉಜ್ಜಿಕೊಂಡಳು.

"ಇಷ್ಟು ತಡ ಮಾಡ್ತಾರೇನ್ರೀ," ಎಂದಳು. "ಸೊಂಟ ಬಿದ್ದೋಯ್ತು ನಂದು."

ಆಮೇಲೆ ಹನ್ನೊಂದು ದಿನ ಅದೇ ನಡೆಯಿತು. ಬೆಳಿಗ್ಗೆ ಅವಳು ಕೂರುವುದು, ಊಟದ ಹೊತ್ತಿಗೆ ಇವನು ನೆಡುವುದು. ಹುಣ್ಣು ಒಂದು ಚೂರು ಒಣಗಿತು. ಹನ್ನೆರಡನೆಯ ದಿನ ದರ್ಸೊನೊನಿಗೆ ಬಚ್ಚಲಲ್ಲಿ ತಲೆ ಸುತ್ತಿತು. ಗೋಡೆ ಹಿಡಿದು ಕೂತೇ ಇದ್ದ. ಈಚೆ ಬಂದಾಗ ಮೂರು ಗಂಟೆ ದಾಟಿತ್ತು. ರುಮಿಯಾತಿ ಬೆವರಿ, ತುಟಿ ಬಿಳುಚಿಕೊಂಡು, ಕೈ ನಡುಗುತ್ತಿದ್ದರೂ ನೆಟ್ಟಗೆ ಕೂತಿದ್ದಳು, ಅವನಿಗಾಗಿ ಕಾಯುತ್ತ. ಹಸಿವಿಗೆ ಸಕ್ಕರೆ ಇಳಿದುಹೋದವಳ ಬಾಯಿಗೆ ಸಕ್ಕರೆ ನೀರು ಹನಿಸುವಾಗ ಅವನಿಗೆ ಅಳು ಬಂತು. ನಾನು ಹೋದಮೇಲೆ ಇವಳನ್ನು ಯಾರು ಎಬ್ಬಿಸುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳು ಡಬ್ಬಿಗೆ ಕೈ ಹಾಕುವ ಮೊದಲೇ ಕಾಯೋನನ್ನು ಅವಳ ಮಡಿಲಲ್ಲಿಟ್ಟ. ಅವಳು ಬೆಚ್ಚಿ ಕೈ ಹಿಂದೆಳೆದುಕೊಂಡಳು. ಇಡೀ ಬಾಳಿನಲ್ಲಿ ದಲಾಂಗನ ಗೊಂಬೆ ಮುಟ್ಟಿದವಳಲ್ಲ, ಪೆಟ್ಟಿಗೆ ದಾಟಿದವಳೂ ಅಲ್ಲ.

"ಇದು ನಾನು ಮುಟ್ಟೋದಲ್ಲ ಕಣ್ರೀ."

"ಗೊತ್ತು. ನಂಗೆ ಸಾಕಾಗಿದೆ ರುಮಿ. ಇನ್ಮೇಲೆ ನೀನೇ ನೆಡು."

ಅವಳು ಡಬ್ಬಿ ಕಟ್ಟಿಕೊಂಡು ಕೂತಳು. ದರ್ಸೊನೊ ಅಡುಗೆಮನೆಗೆ ಹೋಗಿ ತೆಂಪೆ ಹೆಚ್ಚಿದ, ಅನ್ನಕ್ಕಿಟ್ಟ, ಒಮ್ಮೆಯೂ ತಿರುಗಿ ನೋಡಬಾರದೆಂದು ಹಟ ಹಿಡಿದ. ಅನ್ನ ಆಯಿತು. ತೆಂಪೆ ಕರಿದದ್ದಾಯಿತು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಎದ್ದು ಹೋಗಿಬಿಡಲೇ ಎಂದು ಎರಡು ಸಲ ಮಂಡಿಗೆ ಕೈ ಊರಿದ. ಎರಡು ಸಲವೂ ಕೂತ.

ಆಗ ಬಾಳೆದಿಂಡಿಗೆ ಕಾಯೋನಿನ ಕೊಂಬಿನ ಕಡ್ಡಿ ಇಳಿಯುವ ಸದ್ದು ಕೇಳಿಸಿತು. ಅದರ ಹಿಂದೆಯೇ ಮುಗಿಸುವ ಮಾತು, ಒಡೆದ, ಗಾಳಿ ಸೋರುವ ಗಂಟಲಲ್ಲಿ, ಅಕ್ಷರ ಅಕ್ಷರವಾಗಿ.

ರುಮಿಯಾತಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ತಟ್ಟೆ ಎಳೆದುಕೊಂಡು ಒಂದು ತುತ್ತು ನುಂಗಿದ ಮೇಲೆ, ಚಾಪೆಯ ಮೇಲಿನ ಡಬ್ಬಿಯತ್ತ ಕಣ್ಣು ಹಾಯಿಸಿ, ನೆಂಟರ ಪೈಕಿ ತೀರಿಹೋದವಳೊಬ್ಬಳ ವಿಷಯ ಹೇಳುವ ಹಾಗೆ ಹೇಳಿದಳು:

"ಚೆನ್ನಾಗಿ ಹಾಡ್ತಿದ್ಲು ಕಣ್ರೀ ಅವಳು."