ಸೊನ್ನೆ, ಲಾಭ, ಎರಡು

೦

ಎಲ್ಲಿಂದ ಶುರು ಮಾಡುವುದು, ಸೊನ್ನೆಯಿಂದಲೋ ಒಂದರಿಂದಲೋ? ಬಸ್ಸು ಹತ್ತಿದಾಗಿನಿಂದ ಗೌರೀಶಂಕರನ ತಲೆಯಲ್ಲಿ ಇದೇ ಕೊರೆತ. (ನನಗೂ ಅದೇ. ಮೊದಲ ಡ್ರಾಫ್ಟು ಅವನ ಹುಟ್ಟೂರು ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗಿತ್ತು. ಅಲ್ಲಿ ಅವನು ಯೋಚಿಸುತ್ತ ನಿಂತು ಬಂದ ಬಸ್ಸನ್ನೆಲ್ಲ ಬಿಟ್ಟ. ಕಥೆಯೇ ಹೊರಡಲಿಲ್ಲ. ಹರಿದು ಹಾಕಿದೆ.)

ಅವನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ನುಗ್ಗೇಹಳ್ಳಿಗೆ ಬಂದದ್ದು, ಜೊತೆಗೆ ಪಾಠ ಮಾಡುವ ನಿಸರ್ಗಳನ್ನು ತನಗೆ ಕೊಡಿ ಎಂದು ಅವಳಪ್ಪ ಕೆಂಪಣ್ಣನನ್ನು ಕೇಳಲು.

ಸ್ಟಾಫ್‌ರೂಮಿನಲ್ಲಿ ಇಬ್ಬರಿಗೂ ಒಂದೇ ಜಗಳ. ಯಾರೂ ಎಣಿಸದಿದ್ದರೂ ಸಂಖ್ಯೆ ಇದ್ದೇ ಇರುತ್ತದೆ ಎಂದು ಅವನು. ಎಣಿಸುವವರೆಗೆ ಇಲ್ಲ ಎಂದು ಅವಳು. "ನಮ್ಮಪ್ಪನ ಮುಂದೆ ಬಾಯ್ಬಿಟ್ಟು ಕೇಳಿ. ಅಲ್ಲೀಗಂಟ ನಂಗೇನೂ ಗೊತ್ತಿಲ್ಲ" ಎಂದಿದ್ದಳು.

ಲಾಭ

ಕೆಂಪಣ್ಣ ಕಣದಲ್ಲಿ ರಾಗಿ ರಾಶಿಯ ಮುಂದಿದ್ದ. ತೂಕದ ಮಷೀನು ಇದೆ. ಆದರೂ ಮನೆಗೆ ಉಳಿಸಿಕೊಳ್ಳುವ ರಾಗಿಯನ್ನು ಕೊಳಗದಲ್ಲೇ ಅಳೆಯಬೇಕು. ಅಳೆಯುವವನು ಎಣಿಕೆ ಬಿಟ್ಟು ಬೇರೆ ಮಾತಾಡುವಂತಿಲ್ಲ.

"ಒಳ್ಳೆ ಟೈಮ್ಗೆ ಬಂದ್ರಿ ಮೇಷ್ಟ್ರೇ! ಲೆಕ್ಕದೋರ ಕೈಲೇ ಅಳೆಸ್ಬುಡಾನ."

ಗೌರೀಶಂಕರ ಖಾಲಿ ಕೊಳಗವನ್ನು ದಿಟ್ಟಿಸಿದ. "ಸೊನ್ನೆ" ಎಂದ.

ನಿಸರ್ಗಳ ತಾಯಿ ಅನಸೂಯಮ್ಮ ಸೆರಗು ಬಾಯಿಗೊತ್ತಿಕೊಂಡರು.

"ರಾಶಿ ಮುಂದೆ ಸೊನ್ನೆ ಅಂತೀರಲ್ಲ! ವರ್ಸೆಲ್ಲ ಸೊನ್ನೇನೇ ಮುದ್ದೆ ಕಟ್ಕಂಡು ತಿನ್ನಾನಾ?"

"ತುಂಬೋಕೆ ಮುಂಚೆ ಇರೋದು ಸೊನ್ನೆ ತಾನೇ, ಅಂಕಲ್..."

"ಇಲ್ದೇ ಇರದ್ನ ಯಾರಾದ್ರೂ ಎಣಿಸ್ತಾರಾ? ಮೊದ್ಲನೇದು ಒಂದೂ ಅಲ್ಲ, ಲಾಭ. ಲಾಭ ಅನ್ನಿ!"

೨

ಅವನು ನನ್ನ ಕಡೆ ತಿರುಗಿದ. "ಸಾರ್, ಲಾಭ ಅನ್ನೋದು ಸಂಖ್ಯೆ ಅಲ್ಲ."

"ಅನ್ನಪ್ಪ, ಕಥೆ ಮುಂದೆ ಹೋಗಲಿ" ಎಂದೆ.

ಅಂದ. ಲಾಭ, ಎರಡು, ಮೂರು. ಥಟ್ಟನೆ ಅವನ ಮುಖ ಅರಳಿತು. ಒಂದನ್ನು ಯಾರೂ ಹೇಳಲಿಲ್ಲ, ಆದರೂ ಅದು ಚೀಲದಲ್ಲಿತ್ತು! ಹೇಳದಿದ್ದರೂ ಇರುತ್ತದೆ! ಚೀಲದ ಬಾಯಿ ಹಿಡಿದು ನಿಂತಿದ್ದ ನಿಸರ್ಗಳನ್ನು ಗೆದ್ದವನಂತೆ ನೋಡಿದ.

"ಲಾಭ ಅಂತ ಬಾಯ್ಬಿಟ್ರಲ್ಲ, ಅದ್ಕೇ ಎರಡು ಬಂತು" ಎಂದಳು ಅವಳು.

(ರಾಶಿ ಕರಗುತ್ತಿದೆ. ಮುಗಿದರೆ ಅವನು ಕೇಳಲೇಬೇಕು. ಆದ್ದರಿಂದ ಈ ಪ್ಯಾರಾವನ್ನು ಸ್ವಲ್ಪ ಎಳೆಯುತ್ತಿದ್ದೇನೆ. ಅವನು ಬೇಡಿಕೊಂಡದ್ದಕ್ಕೆ.)

೩

ಅಂತ್ಯ, ಒಂದು: ಅವನು ಕೇಳಿದ, ಕೆಂಪಣ್ಣ ಒಪ್ಪಿದ. ನಿಸರ್ಗ ಇದನ್ನು ಹೊಡೆದು ಹಾಕಿದಳು: "ಇದ್ನ ಕೇಳಿದ್ದು ನೀವು, ಅವ್ರಲ್ಲ."

ಅಂತ್ಯ, ಇನ್ನೊಂದು: ಸೊನ್ನೆ ಅಂದವನಿಗೆ ಹೆಣ್ಣು ಕೊಡುವುದಿಲ್ಲವೆಂದು ಕೆಂಪಣ್ಣ ಎದ್ದುಹೋದ. ಅನಸೂಯಮ್ಮ ನನ್ನ ಮೇಲೇ ರೇಗಿದರು: "ಅಷ್ಟಕ್ಕೆಲ್ಲ ಯಾರು ಇಲ್ಲ ಅಂತಾರೆ? ಹುಡ್ಗ ಬಾಯೇ ಬಿಡ್ನಿಲ್ವಲ್ಲ ಸಾಮಿ!"

೪, ೫, ೬...

ರಾಶಿ ಮುಗಿಯಿತು. ಗೌರೀಶಂಕರ ಟಾರ್ಪಾಲಿನ ಮೇಲೆ ಖಾಲಿ ಕೊಳಗ ಎತ್ತಿ ಸುರಿಯುತ್ತಲೇ ಇದ್ದ, ಎಣಿಸುತ್ತಲೇ ಇದ್ದ.

"ಇನ್ನೇನ್ ಅಳೀತಿದ್ದೀರಿ ಮೇಷ್ಟ್ರೇ? ರಾಗಿ ಆಗೋಯ್ತು."

"ಸಂಖ್ಯೆ ಇನ್ನೂ ಇವೆ ಅಂಕಲ್" ಎಂದು ಮತ್ತೆ ಎಣಿಕೆ ಹಿಡಿದ.

ನಿಸರ್ಗ ರಾಗಿ ಚೀಲದ ಮೇಲೆ ಕಾಲು ಮಡಿಸಿ ಕೂತಳು. "ಎಣಿಸ್ಲಿ ಬುಡಪ್ಪ. ಎಲ್ಲೀಗಂಟ ಓಯ್ತಾರೋ ನೋಡಾನ."

ಅವಳು ನಗುತ್ತಿದ್ದಳು. ಎದ್ದು ಹೋಗಲಿಲ್ಲ. ನಾನು ಅವನಿಗಾಗಿ ಒಂದು ಸಾಲು ಖಾಲಿ ಬಿಟ್ಟೆ.



ಅವನು ಅದರಲ್ಲೂ ಮುಂದಿನ ಸಂಖ್ಯೆಯನ್ನೇ ಹೇಳಿದ. ನಿಸರ್ಗಳನ್ನು ನನಗೆ ಕೊಡಿ ಎಂದು ಹೇಳಲಿಲ್ಲ.